ವಿಂಡೋಸ್ 10 ಮುಗೀತಂತೆ, ಮನೆ ಕಂಪ್ಯೂಟರ್‌ಗೆ ಈಗ ಯಾವ ಓಎಸ್ ಹಾಕ್ಬೇಕು?

ನಿಟ್ಟುವಳ್ಳಿಲಿರೋ ನಮ್ಮ ದೊಡ್ಡಪ್ಪ ಮೊನ್ನೆ ಬೆಳಿಗ್ಗೆ ಬೆಳಿಗ್ಗೆನೇ ಫೋನ್ ಮಾಡಿದ್ರು. "ಕಂಪ್ಯೂಟರ್ ಆನ್ ಮಾಡಿದ್ರೆ ಸಾಕು ನಿಮ್ ವಿಂಡೋಸ್ ಸಪೋರ್ಟ್ ಮುಗಿದೈತಿ ಅಂತ ಸ್ಕ್ರೀನ್ ತುಂಬ ಬರ್ತೈತಿ ಕಣಪ್ಪ, ಅಂಗಡಿಯವನ್ನ ಕೇಳಿದ್ರೆ ಹಳೇದಾತು ಸರ್ ಹೊಸದು ತಗಳ್ರಿ ಅಂತಾನೆ, ನಂದೇನೈತಿ ಪೇಪರ್ ಓದೋದು, ಯೂಟ್ಯೂಬು, ಪೆನ್ಷನ್ ಬಂತೋ ಇಲ್ವೋ ನೋಡೋದು, ಇಷ್ಟಕ್ಕೆ ಐವತ್ತು ಸಾವಿರ ಸುರೀಬೇಕಾ?"

ಅದೇ ವಾರ ಮಂಡಿಪೇಟೆಲಿ ಲೆಕ್ಕ ಬರೆಯೋ ಗೆಳೆಯ ಇದೇ ಕೇಳಿದ. ಆಮೇಲೆ ಹರಿಹರದಿಂದ ನಮ್ಮ ಅತ್ತೆ ಮಗಳು, ಅವಳ ಹುಡುಗಿ ಇಂಜಿನಿಯರಿಂಗ್ ಸೇರಿದಾಳೆ, ಲ್ಯಾಪ್‌ಟಾಪ್ ಯಾವುದು ತಗೊಳ್ಳೋದು, ಯಾರೋ ಲಿನಕ್ಸ್ ಅಂತಾರೆ ಯಾರೋ ಮ್ಯಾಕ್ ಅಂತಾರೆ ಏನಣ್ಣ ಅದು ಅಂತ. ಮೂರು ಮನೆ, ಪ್ರಶ್ನೆ ಒಂದೇ, ಆದ್ರೆ ಉತ್ತರ ಮೂರೂ ಬೇರೆ ಬೇರೆ. ಫೋನಲ್ಲಿ ಹೇಳಿ ಹೇಳಿ ಗಂಟಲು ಒಣಗ್ತು, ಅದಕ್ಕೆ ಇಲ್ಲಿ ಕೂತು ಬುಡದಿಂದ ಬರೀತಿದೀನಿ.

ಓಎಸ್ ಅಂದ್ರೆ ಏನು? ಎಪಿಎಂಸಿ ಯಾರ್ಡಿಗೆ ಬನ್ನಿ

ಓಎಸ್ ಅಂದ್ರೆ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಒಂದು ಓಎಸ್, ಆಪಲ್ ಕಂಪ್ಯೂಟರಲ್ಲಿರೋ ಮ್ಯಾಕ್‌ಓಎಸ್ ಒಂದು, ಲಿನಕ್ಸ್ ಇನ್ನೊಂದು. ಸರಿ, ಅದು ಮಾಡೋದೇನು?

ಮೆಕ್ಕೆಜೋಳದ ಸೀಸನ್ನಲ್ಲಿ ನಮ್ಮ ದಾವಣಗೆರೆ ಎಪಿಎಂಸಿಗೆ ಹೋಗಿದ್ರೆ ಇದು ಸಲೀಸಾಗಿ ಗೊತ್ತಾಗುತ್ತೆ. ಒಂದು ದಲಾಲಿ ಅಂಗಡಿ ನೆನಪು ಮಾಡ್ಕೊಳ್ಳಿ. ಹಮಾಲರಿದಾರೆ, ದುಡಿಯೋ ಶಕ್ತಿ ಅವರದ್ದು, ಕಂಪ್ಯೂಟರಲ್ಲಿ ಅದು ಪ್ರೊಸೆಸರ್. ಅಂಗಡಿ ಮುಂದೆ ಒಂದು ಕಟ್ಟೆ, ಈಗ ತೂಕ ಆಗ್ತಿರೋ ಚೀಲ ಎಲ್ಲ ಅಲ್ಲೇ, ಅದು ರ‍್ಯಾಮ್. ಹಿಂದೆ ಗೋಡೌನು, ತಿಂಗಳುಗಟ್ಟಲೆ ಮಾಲು ಇಡೋ ಜಾಗ, ಅದು ಹಾರ್ಡ್‌ಡಿಸ್ಕ್. ಮಾಲು ತಂದಿರೋ ರೈತರು, ಕೊಳ್ಳೋಕೆ ಬಂದಿರೋ ಪಾರ್ಟಿಗಳು, ಇವರೆಲ್ಲ ಆ್ಯಪ್‌ಗಳು ಅಂದ್ಕೊಳ್ಳಿ. ಇಷ್ಟೂ ಜನ ಒಟ್ಟಿಗೆ ಹಮಾಲರನ್ನ ಕೂಗಿ ನಂದು ಮೊದಲು ನಂದು ಮೊದಲು ಅಂತ ಎಳೆದಾಡಿದ್ರೆ ಸಂಜೆ ತನಕ ಒಂದು ಲೋಡೂ ಆಗಲ್ಲ. ಅದಕ್ಕೇ ಅಲ್ಲೊಬ್ಬ ಗುಮಾಸ್ತ ಇರ್ತಾನೆ, ಕೈಯಲ್ಲಿ ಪುಸ್ತಕ ಕಿವಿಮೇಲೆ ಪೆನ್ನು, ಯಾವ ಚೀಲ ಕಟ್ಟೆ ಮೇಲೆ ಯಾವುದು ಗೋಡೌನಿಗೆ, ಯಾರ ತೂಕ ಮೊದಲು, ಗೋಡೌನ್ ಬೀಗ ಯಾರಿಗೆ ತೆಗೀಬೇಕು ಯಾರಿಗೆ ತೆಗೀಬಾರ್ದು, ಎಲ್ಲ ಅವನೇ ಹೇಳೋದು. ಆ ಗುಮಾಸ್ತನೇ ಓಎಸ್.

ಒಂದು ಅಂಗಡಿಯ ಗುಮಾಸ್ತನ ಚೀಟಿ ಇನ್ನೊಂದು ಅಂಗಡಿಲಿ ನಡೆಯಲ್ಲ, ಅಲ್ವಾ? ವಿಂಡೋಸ್‌ಗೆ ಅಂತ ಮಾಡಿದ ಸಾಫ್ಟ್‌ವೇರ್ ಲಿನಕ್ಸಲ್ಲಿ ನೇರವಾಗಿ ಓಡದೇ ಇರೋಕೆ ಕಾರಣ ಇದೇ. ಗುಮಾಸ್ತನ ಹತ್ರ ಕೆಲಸ ಕೇಳೋ ಭಾಷೆ ಬೇರೆ ಬೇರೆ. ಆದ್ರೆ ವೆಬ್‌ಸೈಟ್ ಹಾಗಲ್ಲ, ಅದು ಬ್ರೌಸರ್ ಒಳಗೆ ಓಡುತ್ತೆ, ಕ್ರೋಮೋ ಫೈರ್‌ಫಾಕ್ಸೋ ಒಂದಿದ್ರೆ ಕೆಳಗೆ ಯಾವ ಓಎಸ್ ಇದ್ರೂ ಅದಕ್ಕೆ ಚಿಂತೆ ಇಲ್ಲ. ಈ ಒಂದು ವಿಷಯ ತಲೇಲಿಟ್ಕೊಳ್ಳಿ, ಮುಂದೆ ಪೂರ್ತಿ ಇದರ ಮೇಲೇ ನಿಂತಿರೋದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಕಟ್ಟೆ ಚಿಕ್ಕದಾದ್ರೆ ಏನಾಗುತ್ತೆ? ಗುಮಾಸ್ತ ಅರ್ಧ ತೂಗಿದ ಚೀಲನ ಗೋಡೌನಿಗೆ ಕಳ್ಸಿ ಬೇರೆಯವರದ್ದು ತರಿಸ್ತಾನೆ, ಮತ್ತೆ ಇದನ್ನ ವಾಪಸ್ ತರಿಸ್ತಾನೆ, ಹಮಾಲರೆಲ್ಲ ಬರೀ ಓಡಾಡೋದ್ರಲ್ಲೇ ಸುಸ್ತು. ರ‍್ಯಾಮ್ ಕಮ್ಮಿ ಇರೋ ಕಂಪ್ಯೂಟರ್ ಗರ್ ಅಂತ ಸದ್ದು ಮಾಡ್ಕೊಂಡು ಕೂರೋದು ಇದಕ್ಕೇನೆ. ಅದರ ಮೇಲೆ ಗೋಡೌನು ದೂರ ಇದ್ರಂತೂ ಕೇಳ್ಲೇಬೇಡಿ. ಹಳೇ ಲ್ಯಾಪ್‌ಟಾಪಿನ ತಿರುಗೋ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಹೆಚ್ಚು ಕಮ್ಮಿ 100 ಎಂಬಿ ಓದುತ್ತೆ, ಅದೂ ಸಾಲಾಗಿ ಓದೋದಾದ್ರೆ, ಅಲ್ಲಲ್ಲಿ ಹುಡುಕಿ ಓದೋದಾದ್ರೆ ಇನ್ನೂ ಕಮ್ಮಿ. ಸಾದಾ ಸಾಟಾ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ದೆ ಚಿಪ್ಪಲ್ಲೇ ಫೈಲ್ ಇಡೋ ಡಿಸ್ಕ್) ಸುಮಾರು 500 ಎಂಬಿ ಓದುತ್ತೆ, ಹುಡುಕಾಟದಲ್ಲಂತೂ ಹೋಲಿಕೆನೇ ಇಲ್ಲ. ಹಾಗಾಗಿ "ನಮ್ ವಿಂಡೋಸ್ ಸ್ಲೋ ಆಗಿದೆ, ಓಎಸ್ ಬದಲಾಯಿಸ್ಬೇಕು" ಅನ್ನೋರಲ್ಲಿ ತುಂಬಾ ಜನಕ್ಕೆ ಬದಲಾಯಿಸ್ಬೇಕಾಗಿರೋದು ಗುಮಾಸ್ತನ್ನಲ್ಲ, ಗೋಡೌನನ್ನ.

ಸಪೋರ್ಟ್ ಮುಗೀತು ಅಂದ್ರೆ ಕಂಪ್ಯೂಟರ್ ಸತ್ತಂಗಾ?

ಇಲ್ಲ. ವಿಂಡೋಸ್ 10 ಬಂದಿದ್ದು 2015ರ ಜುಲೈ 29ಕ್ಕೆ, ಮೈಕ್ರೋಸಾಫ್ಟ್ ಅದಕ್ಕೆ ಸಪೋರ್ಟ್ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಹತ್ತು ವರ್ಷದ ಬಾಳ್ವೆ. ಅವತ್ತು ರಾತ್ರಿ ಯಾರ ಕಂಪ್ಯೂಟರೂ ಆಫ್ ಆಗಲಿಲ್ಲ, ಇವತ್ತೂ ಆನ್ ಆಗುತ್ತೆ, ಫೈಲೂ ಅಲ್ಲೇ ಇರ್ತವೆ. ನಿಂತಿದ್ದು ಸೆಕ್ಯುರಿಟಿ ಅಪ್‌ಡೇಟ್.

ಅದೇನು ಅಂದ್ರೆ, ಓಎಸ್ ಅನ್ನೋದು ಕೋಟಿಗಟ್ಟಲೆ ಸಾಲು ಕೋಡ್ ಬರೆದು ಮಾಡಿರೋದು, ಅದರಲ್ಲಿ ತಪ್ಪು ಇದ್ದೇ ಇರ್ತವೆ, ಗೋಡೌನಿನ ತಗಡಿನಲ್ಲಿ ಕಣ್ಣಿಗೆ ಕಾಣದ ತೂತು ಇದ್ದಂಗೆ. ಯಾರಾದ್ರೂ ಒಂದು ತೂತು ಕಂಡು ಹಿಡಿದ್ರೆ ಕಂಪನಿ ತೇಪೆ ಕಳಿಸುತ್ತೆ, ಆ ತೇಪೆನೇ ಅಪ್‌ಡೇಟು. ಸಪೋರ್ಟ್ ಮುಗಿದ ಮೇಲೆ ಹೊಸ ತೂತು ಸಿಕ್ಕಿದ್ರೆ ತೇಪೆ ಬರಲ್ಲ, ಹೆಗ್ಗಣಕ್ಕೆ ಮಾತ್ರ ದಾರಿ ಗೊತ್ತಾಗಿರುತ್ತೆ.

ಇದು ಬರೀ ಹೆದರಿಸೋ ಮಾತಾ ಅಂತ ಕೇಳ್ಬಹುದು. 2017ರ ಮೇ 12ಕ್ಕೆ ವನ್ನಾಕ್ರೈ ಅನ್ನೋ ವೈರಸ್ ಹರಡ್ತು, ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೊಟ್ರೆ ತೆಗೀತೀನಿ ಅನ್ನೋ ಜಾತಿದು. ಕೆಲವೇ ದಿನದಲ್ಲಿ 150ಕ್ಕೂ ಹೆಚ್ಚು ದೇಶದ ಸುಮಾರು ಎರಡು ಲಕ್ಷ ಕಂಪ್ಯೂಟರ್ ಹಿಡೀತು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಶನ್ ಮುಂದಕ್ಕೆ ಹಾಕ್ಬೇಕಾಯ್ತು. ಬೇಜಾರಿನ ವಿಷಯ ಅಂದ್ರೆ ಆ ತೂತಿಗೆ ಮೈಕ್ರೋಸಾಫ್ಟ್ ತೇಪೆ ಕಳಿಸಿ ಆಗಲೇ ಎರಡು ತಿಂಗಳಾಗಿತ್ತು, ಮಾರ್ಚಲ್ಲೇ. ಅಪ್‌ಡೇಟ್ ಮಾಡ್ಕೊಳ್ದೇ ಇದ್ದವರೇ ಸಿಕ್ಕಿಹಾಕೊಂಡಿದ್ದು.

ಓಎಸ್ ಅಪ್‌ಡೇಟಿಗಿಂತ ನಿಮಗೆ ಬೇಗ ಗೊತ್ತಾಗೋದು ಬ್ರೌಸರ್ ನಿಂತಾಗ. ವಿಂಡೋಸ್ 7ಕ್ಕೆ 2020ರ ಜನವರಿಲಿ ಸಪೋರ್ಟ್ ಮುಗೀತು, ಆದ್ರೂ ಕ್ರೋಮ್ ಮೂರು ವರ್ಷ ಬರ್ತಾ ಇತ್ತು, 2023ರಲ್ಲಿ 109ನೇ ವರ್ಷನ್ನಿಗೆ ನಿಂತೋಯ್ತು. ಅಲ್ಲಿಂದ ನಿಧಾನಕ್ಕೆ ಒಂದೊಂದೇ ವೆಬ್‌ಸೈಟ್ "ನಿಮ್ಮ ಬ್ರೌಸರ್ ಹಳೇದು" ಅನ್ನೋಕೆ ಶುರು ಮಾಡ್ತವೆ. ವಿಂಡೋಸ್ 10ಕ್ಕೂ ಒಂದಿನ ಅದೇ ಗತಿ, ಆದ್ರೆ ನಾಳೆ ಬೆಳಿಗ್ಗೆನೇ ಅಲ್ಲ. ಎಡ್ಜ್ ಬ್ರೌಸರನ್ನ ವಿಂಡೋಸ್ 10ರಲ್ಲಿ 2028ರ ಅಕ್ಟೋಬರ್ ತನಕನಾದ್ರೂ ಅಪ್‌ಡೇಟ್ ಮಾಡ್ತೀವಿ ಅಂತ ಮೈಕ್ರೋಸಾಫ್ಟೇ ಹೇಳಿದೆ.

ವಿಂಡೋಸ್ 11 ಹಳೇ ಮಷೀನಿಗೆ ಯಾಕೆ ಹತ್ತಲ್ಲ

ಅಸಲಿ ವಿಂಡೋಸ್ 10 ಇದ್ರೆ 11ಕ್ಕೆ ಹೋಗೋದು ಫ್ರೀ. ಮಷೀನು ಒಪ್ಪಿದ್ರೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಮುಂದಿನ ಅರ್ಧ ಲೇಖನ ಓದೋದೂ ಬೇಡ. ಸಮಸ್ಯೆ ಆ "ಒಪ್ಪಿದ್ರೆ" ಅನ್ನೋದ್ರಲ್ಲಿದೆ.

2021ರ ಅಕ್ಟೋಬರಲ್ಲಿ 11 ಬಂದಾಗ ಮೈಕ್ರೋಸಾಫ್ಟ್ ಹಾಕಿದ ಷರತ್ತು: 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0, ಮತ್ತೆ ಅವರ ಪಟ್ಟಿಲಿರೋ ಪ್ರೊಸೆಸರ್. ಮೊದಲಿನ ಎರಡು ಎಲ್ಲರ ಹತ್ರನೂ ಇರುತ್ತೆ. ಸೆಕ್ಯೂರ್ ಬೂಟ್ ಅಂದ್ರೆ ಕಂಪ್ಯೂಟರ್ ಶುರು ಆಗುವಾಗಲೇ ಬರ್ತಿರೋ ಓಎಸ್ ಅಸಲೀನಾ ಅಂತ ಸಹಿ ನೋಡಿ ಒಳಗೆ ಬಿಡೋದು. ಟಿಪಿಎಂ ಅಂದ್ರೆ ಪಾಸ್‌ವರ್ಡು, ಬೀಗದ ಕೀಗಳನ್ನೆಲ್ಲ ಡಿಸ್ಕಲ್ಲಿಡದೇ ಬೇರೆ ತಿಜೋರಿಲಿ ಇಟ್ಟಂಗೆ ಇಡೋ ಪುಟ್ಟ ಚಿಪ್. ತುಂಬಾ ಮಷೀನಲ್ಲಿ ಇದು ಪ್ರೊಸೆಸರ್ ಒಳಗೇ ಇರುತ್ತೆ, ಬಯೋಸಲ್ಲಿ, ಅಂದ್ರೆ ಓಎಸ್ ಶುರು ಆಗೋ ಮುಂಚಿನ ಸೆಟ್ಟಿಂಗ್ ಪುಟದಲ್ಲಿ, ಆಫ್ ಆಗಿರುತ್ತೆ ಅಷ್ಟೇ, ಇಂಟೆಲ್ ಆದ್ರೆ ಪಿಟಿಟಿ ಅಂತ, ಎಎಂಡಿ ಆದ್ರೆ ಎಫ್‌ಟಿಪಿಎಂ ಅಂತ ಹೆಸರು, ಆನ್ ಮಾಡಿದ್ರೆ ಮುಗೀತು. ಟಿಪಿಎಂ ಇಲ್ಲ ಅಂತ ಹೊಸ ಮಷೀನ್ ಮಾರೋಕೆ ಬಂದ್ರೆ ಮೊದಲು ಇದನ್ನ ನೋಡಿದ್ರಾ ಅಂತ ಕೇಳಿ.

ನಿಜವಾಗಿ ಬಾಗಿಲು ಮುಚ್ಚೋದು ಪ್ರೊಸೆಸರ್ ಪಟ್ಟಿ. ಸೆಟ್ಟಿಂಗ್ಸಲ್ಲಿ ಸಿಸ್ಟಮ್, ಅಲ್ಲಿ ಕೊನೇಲಿ ಅಬೌಟ್ ಅಂತ ಇರುತ್ತೆ, ಅಲ್ಲಿ ಪ್ರೊಸೆಸರ್ ಹೆಸರು ಸಿಗುತ್ತೆ. ಇಂಟೆಲ್ ಐ5-7200ಯು ಅಂತಿದ್ರೆ ಗೆರೆ ಆದ್ಮೇಲಿನ 7 ಅಂದ್ರೆ ಏಳನೇ ಜನರೇಶನ್. ಐ3-5005ಯು ಅಂದ್ರೆ ಐದನೇದು. ಐ5-10210ಯು ಅಂತ ಐದು ಅಂಕಿ ಇದ್ರೆ ಮೊದಲ ಎರಡು ಅಂಕಿ ತಗೋಬೇಕು, ಹತ್ತನೇದು. ಇಂಟೆಲಲ್ಲಿ ಎಂಟನೇ ಜನರೇಶನ್ನಿಂದ ಮೇಲೆ, ಎಎಂಡಿಲಿ ಹೆಚ್ಚುಕಮ್ಮಿ ರೈಜನ್ 2000 ಸೀರೀಸಿಂದ ಮೇಲೆ ಇದ್ರೆ 11 ಹತ್ತುತ್ತೆ. ಏಳನೇದರಲ್ಲಿ ಬೆರಳೆಣಿಕೆ ಬಿಟ್ರೆ ಇಲ್ಲ. ಲೆಕ್ಕ ಹಾಕೋಕೆ ಬೇಜಾರಾದ್ರೆ ಮೈಕ್ರೋಸಾಫ್ಟಿಂದೇ ಪಿಸಿ ಹೆಲ್ತ್ ಚೆಕ್ ಅಂತ ಒಂದು ಆ್ಯಪ್ ಇದೆ, ಹಾಕಿದ್ರೆ ಹೌದೋ ಅಲ್ವೋ ಹೇಳುತ್ತೆ.

ನಮ್ಮ ದೊಡ್ಡಪ್ಪಂದು ಏಳನೇ ಜನರೇಶನ್. ಒಂದೇ ಒಂದು ಮೆಟ್ಟಿಲಲ್ಲಿ ತಪ್ಪೋಯ್ತು.

ಷರತ್ತನ್ನ ದಾಟಿಸಿ 11 ಹಾಕಿಕೊಡೋ ಉಪಾಯಗಳೂ ಇವೆ, ಯಾರಾದ್ರೂ ಹಾಕಿಕೊಡ್ತೀನಿ ಅನ್ನಬಹುದು. ಓಡುತ್ತೆ, ಸುಳ್ಳಲ್ಲ. ಆದ್ರೆ ಅಂಥ ಮಷೀನಿಗೆ ಅಪ್‌ಡೇಟ್ ಬಂದೇ ಬರುತ್ತೆ ಅಂತ ಮೈಕ್ರೋಸಾಫ್ಟ್ ಮಾತು ಕೊಡಲ್ಲ. ನಾವು ಹೊರಟಿದ್ದೇ ಅಪ್‌ಡೇಟಿಗೋಸ್ಕರ ಅಲ್ವಾ.

ಇನ್ನೂ ಸ್ವಲ್ಪ ಟೈಮ್ ಬೇಕು ಅನ್ನೋರಿಗೆ

ಮನೆ ಬಳಕೆದಾರರಿಗೆ ಅಂತಾನೇ ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್ ಅಂತ ಒಂದು ವ್ಯವಸ್ಥೆ ಇದೆ, ಚಿಕ್ಕದಾಗಿ ಇಎಸ್‌ಯು. ಇದಕ್ಕೆ ಸೇರಿದ್ರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರ ತನಕ ತೇಪೆ ಬರುತ್ತೆ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡಿಲ್ಲ, ಬ್ಯಾಕಪ್ ಬೇಡ ಅಂದ್ರೆ 30 ಡಾಲರ್ ಕಟ್ಟಿ ಸೇರ್ಬಹುದು. ವಿಂಡೋಸ್ 10ರ 22ಎಚ್2 ವರ್ಷನ್ ಇರ್ಬೇಕು, ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರ್ಕೊಳ್ಳೋ ಲಿಂಕ್ ಕಾಣುತ್ತೆ. ಹೊಸ ಫೀಚರ್ ಏನೂ ಇರಲ್ಲ, ಬರೀ ತೇಪೆ. ಸಾಲದ ವಾಯಿದೆ ಮುಂದಕ್ಕೆ ಹಾಕಿದಂಗೆ ಇದು, ಆ ತಾರೀಖಿನ ಒಳಗೆ ಏನ್ ಮಾಡ್ಬೇಕು ಅಂತ ಯೋಚನೆ ಮಾಡೋಕೆ ಸಿಗೋ ಸಮಯ.

ಇಲ್ಲೊಂದು ಮಾತು. ಅಸೆಂಬಲ್ ಮಾಡಿಸಿದ ಪಿಸಿಗಳಲ್ಲಿ ತುಂಬಾ ಕಡೆ ಕ್ರ್ಯಾಕ್ ಮಾಡಿದ, ಅಂದ್ರೆ ಲೈಸೆನ್ಸ್ ಇಲ್ದೆ ಕದ್ದು ಹಾಕಿದ ವಿಂಡೋಸ್ ಇರುತ್ತೆ, ಗೊತ್ತಿದ್ದೋ ಗೊತ್ತಿಲ್ದೆನೋ. ಕ್ರ್ಯಾಕ್ ಮಾಡೋಕೆ ಓಡಿಸೋ ಸಾಫ್ಟ್‌ವೇರಿಗೆ ಅಡ್ಮಿನ್ ಅಧಿಕಾರ ಕೊಡ್ಬೇಕು, ಆ್ಯಂಟಿವೈರಸ್ ಆಫ್ ಮಾಡು ಅಂತ ಅದೇ ಹೇಳುತ್ತೆ. ಗೋಡೌನ್ ಕೀ ಕೊಟ್ಟು ಕಾವಲುಗಾರನ್ನ ಊಟಕ್ಕೆ ಕಳಿಸಿದಂಗೆ. ಅಂಥ ಮಷೀನಲ್ಲಿ ಬ್ಯಾಂಕ್ ಲಾಗಿನ್ ಮಾಡೋ ಮುಂಚೆ ಎರಡು ಸಲ ಯೋಚಿಸಿ.

ಲಿನಕ್ಸ್: ಮಂಡಕ್ಕಿ ಒಂದೇ, ಕಲಸೋ ಕೈ ಬೇರೆ

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಲಿ ಓದ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಅನ್ನೋ ಹುಡುಗ ತನ್ನ ಪಿಸಿಗೋಸ್ಕರ ಒಂದು ಕರ್ನಲ್ ಬರೆದು ಎಲ್ಲರಿಗೂ ಬಿಟ್ಟ. ಕರ್ನಲ್ ಅಂದ್ರೆ ಓಎಸ್‌ನ ತಿರುಳು, ಹಮಾಲ ಕಟ್ಟೆ ಗೋಡೌನು ಸಂಭಾಳಿಸೋ ಭಾಗ ಅದೇ. ನೀವು ಲಿನಕ್ಸ್ ಯಾವತ್ತೂ ಮುಟ್ಟಿಲ್ಲ ಅಂದ್ಕೊಂಡಿದ್ರೆ ಅದು ತಪ್ಪು, ಆಂಡ್ರಾಯ್ಡ್ ಫೋನಿನ ಒಳಗಿರೋ ಕರ್ನಲ್ ಲಿನಕ್ಸೇ.

ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಅಂತ ಹೆಸರುಗಳ ಸುರಿಮಳೆ ಕೇಳಿ ಜನ ಗಾಬರಿ ಬೀಳ್ತಾರೆ. ನಮ್ಮೂರವರಿಗೆ ಇದು ಅರ್ಥ ಆಗ್ದೇ ಇರೋಕೆ ಕಾರಣನೇ ಇಲ್ಲ. ಮಂಡಕ್ಕಿ ಒಂದೇ. ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಒಗ್ಗರಣೆ ಮಂಡಕ್ಕಿ ಆಗೋದು ಕಲಸೋನ ಕೈಯಲ್ಲಿ. ಲಿನಕ್ಸ್ ಕರ್ನಲ್ ಮಂಡಕ್ಕಿ, ಅದಕ್ಕೆ ಸ್ಕ್ರೀನು, ಮೆನು, ಆ್ಯಪ್ ಎಲ್ಲ ಹಾಕಿ ಕಲಸಿ ಕೊಟ್ಟಿದ್ದು ಡಿಸ್ಟ್ರೋ. ಮನೆಗೆ ಹೊಸದಾಗಿ ಹಾಕೋರಿಗೆ ನಾನು ಹೇಳೋದು ಲಿನಕ್ಸ್ ಮಿಂಟ್, ಯಾಕಂದ್ರೆ ಎಡಗಡೆ ಕೆಳಗೆ ಮೆನು, ಬಲಗಡೆ ಕೆಳಗೆ ಗಡಿಯಾರ, ವಿಂಡೋಸ್ 7 ಬಳಸಿದ ಕೈಗೆ ಅಂಥಾ ಹೊಸದು ಅನ್ಸಲ್ಲ. ಮಿಂಟ್ 22 ಅನ್ನೋದು ಉಬುಂಟು 24.04ರ ಮೇಲೆ ಕಟ್ಟಿರೋದು, 2029ರ ತನಕ ಅಪ್‌ಡೇಟ್ ಬರುತ್ತೆ. ಕನಿಷ್ಠ 2 ಜಿಬಿ ರ‍್ಯಾಮ್ ಅಂತ ಅವರು ಹೇಳ್ತಾರೆ, ಆರಾಮಾಗಿರ್ಬೇಕಂದ್ರೆ 4. ದುಡ್ಡಿಲ್ಲ, ಕೀ ಇಲ್ಲ, ಅಕೌಂಟ್ ಇಲ್ಲ.

ಫ್ರೀ ಅಂದ್ರೆ ಏನೋ ಮೋಸ ಇರ್ಬೇಕು ಅಂತ ಅನುಮಾನ ಬರೋದು ಸಹಜ. ಇದರ ಲೈಸೆನ್ಸೇ ಹಾಗಿದೆ, ಯಾರ್ ಬೇಕಾದ್ರೂ ಬಳಸ್ಬಹುದು, ತಿದ್ಬಹುದು, ತಿದ್ದಿ ಹಂಚಿದ್ರೆ ಆ ಕೋಡನ್ನೂ ಕೊಡ್ಬೇಕು. ದೊಡ್ಡ ದೊಡ್ಡ ಕಂಪನಿಗಳ ಸರ್ವರ್ ಓಡೋದೇ ಇದರ ಮೇಲೆ, ಹಂಗಾಗಿ ಅವರೇ ಇಂಜಿನಿಯರಿಗೆ ಸಂಬಳ ಕೊಟ್ಟು ಇದನ್ನ ಸರಿ ಇಡಿಸ್ತಾರೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯೋದು ಲಿನಕ್ಸಲ್ಲೇ. ನಮ್ಮ ಕೇಂದ್ರ ಸರ್ಕಾರದ ಸಿಡ್ಯಾಕ್ ಕೂಡ ಬಾಸ್ ಅಂತ ಒಂದು ಲಿನಕ್ಸ್ ಮಾಡಿದೆ.

ಈಗ ಕಷ್ಟದ ಮಾತು. ಎಂಎಸ್ ಆಫೀಸ್ ಇದರಲ್ಲಿ ಇಲ್ಲ, ಲಿಬ್ರೆಆಫೀಸ್ ಬರುತ್ತೆ, ವರ್ಡ್ ಫೈಲ್ ತೆರೆಯುತ್ತೆ, ಸಾದಾ ಅರ್ಜಿ ಪತ್ರಕ್ಕೆ ಧಾರಾಳ ಸಾಕು, ಆದ್ರೆ ಟೇಬಲ್ಲು ಚಿತ್ರ ತುಂಬಿರೋ ಫೈಲಲ್ಲಿ ಸಾಲು ಆಚೀಚೆ ಆಗುತ್ತೆ. ಫೋಟೋಶಾಪ್ ಇಲ್ಲ, ಕೋರಲ್‌ಡ್ರಾ ಇಲ್ಲ. ವಾಟ್ಸಾಪ್‌ಗೆ ಪ್ರತ್ಯೇಕ ಆ್ಯಪ್ ಇಲ್ಲ, ಬ್ರೌಸರಲ್ಲಿ ವಾಟ್ಸಾಪ್ ವೆಬ್ ಬಳಸ್ಬೇಕು. ಪ್ರಿಂಟರ್ ವಿಷಯದಲ್ಲಿ ಲಾಟರಿ, ಕೆಲವು ಹಾಕಿದ ತಕ್ಷಣ ಓಡ್ತವೆ, ಕೆಲವು ಹಳೇ ಲೇಸರ್ ಪ್ರಿಂಟರ್‌ಗಳಿಗೆ ಡ್ರೈವರ್ ಹುಡುಕೋದ್ರಲ್ಲಿ ಒಂದು ಭಾನುವಾರನೇ ಹೋಗುತ್ತೆ. ಡ್ರೈವರ್ ಅಂದ್ರೆ ಪ್ರಿಂಟರ್ ಭಾಷೆನ ಗುಮಾಸ್ತನಿಗೆ ಹೇಳಿಕೊಡೋ ದುಭಾಷಿ, ಕಂಪನಿ ಅದನ್ನ ವಿಂಡೋಸಿಗೆ ಮಾತ್ರ ಬರೆದಿದ್ರೆ ಲಿನಕ್ಸಿಗೆ ಯಾರಾದ್ರೂ ಪುಣ್ಯಾತ್ಮರು ಬರೀಬೇಕು.

ಮತ್ತೆ ಒಂದು ತಪ್ಪು ನಂಬಿಕೆ, ಲಿನಕ್ಸ್ ಹಾಕಿದ್ರೆ ಎಂಥಾ ಹಳೇ ಮಷೀನೂ ಹಾರುತ್ತೆ ಅಂತ. ಓಎಸ್ ಹಗುರ ಇರುತ್ತೆ ನಿಜ, ಆದ್ರೆ ಅದರ ಮೇಲೆ ಓಡೋ ಕ್ರೋಮ್ ಅದೇ ಕ್ರೋಮು, ಯೂಟ್ಯೂಬ್ ಅದೇ ಯೂಟ್ಯೂಬು. ಹತ್ತು ಟ್ಯಾಬ್ ತೆಗೆದ್ರೆ ಅಲ್ಲೂ ಕಟ್ಟೆ ತುಂಬುತ್ತೆ.

ಕನ್ನಡ ಟೈಪಿಂಗ್ ಕಥೆ, ನುಡಿ ಫೈಲ್ ಇರೋರು ಇದನ್ನ ಬಿಡ್ಬೇಡಿ

ಇಂಗ್ಲಿಷಲ್ಲಿ ಬರೆದಿರೋ ಯಾವ ಓಎಸ್ ಹೋಲಿಕೆಲೂ ಈ ವಿಷಯ ಬರಲ್ಲ, ನಮಗೆ ಮಾತ್ರ ಇದೇ ಮುಖ್ಯ.

ಯೂನಿಕೋಡ್ ಅಂದ್ರೆ ಪ್ರಪಂಚದ ಪ್ರತಿ ಅಕ್ಷರಕ್ಕೂ ಒಂದು ಖಾಯಂ ನಂಬರ್ ಕೊಡೋ ಪದ್ಧತಿ. ಕನ್ನಡಕ್ಕೆ ಅದರಲ್ಲಿ 1991ರ ಮೊದಲ ವರ್ಷನ್ನಿಂದಲೇ ಜಾಗ ಇದೆ. ಈ ಲೇಖನ ಯೂನಿಕೋಡು, ವಾಟ್ಸಾಪ್ ಮೆಸೇಜು ಯೂನಿಕೋಡು, ಇವು ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನು ಎಲ್ಲಿ ತೆಗೆದ್ರೂ ಕನ್ನಡವಾಗೇ ಕಾಣ್ತವೆ.

ಆದ್ರೆ ಕಂಪ್ಯೂಟರ್‌ಗಳು ಯೂನಿಕೋಡ್ ಕನ್ನಡನ ಸರಿಯಾಗಿ ತೋರಿಸೋಕೆ ಕಲಿಯೋ ಮುಂಚೆ ನಮ್ಮವರು ಒಂದು ಉಪಾಯ ಮಾಡಿದ್ರು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೇಲಿ ಕನ್ನಡದ ಆಕಾರ ಕೂರಿಸಿದ ಫಾಂಟು. ಫೈಲ್ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಮೇಲಿಂದ ಕನ್ನಡದ ವೇಷ ಹಾಕುತ್ತೆ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಹಳೇ ಫಾಂಟಿಂದ ಮಾಡಿದ ಫೈಲುಗಳು, ಲಗ್ನಪತ್ರಿಕೆ ಮಾಡೋ ಡಿಟಿಪಿ ಅಂಗಡಿಗಳ ಎಷ್ಟೋ ಫೈಲುಗಳು ಈ ಜಾತಿಯವು. ಆ ಫಾಂಟ್ ಇಲ್ದಿರೋ ಮಷೀನಲ್ಲಿ ತೆಗೆದ್ರೆ ವೇಷ ಕಳಚಿ ಬೀಳುತ್ತೆ, ಕೊಂಬು ಬಾಲ ಇರೋ ಇಂಗ್ಲಿಷ್ ಅಕ್ಷರದ ಸಂತೆ ಕಾಣುತ್ತೆ. ಲಿನಕ್ಸ್ ಹಾಕಿದ ದಿನ "ನನ್ ಫೈಲೆಲ್ಲ ಹಾಳಾಯ್ತು" ಅಂತ ಕೂಗಾಡೋದು ಇದನ್ನ ನೋಡಿ. ಹಾಳಾಗಿರಲ್ಲ. ಆ ಫಾಂಟ್ ಫೈಲನ್ನ ಲಿನಕ್ಸಿಗೂ ಕಾಪಿ ಮಾಡಿ ಹಾಕಿದ್ರೆ ಓದೋಕೆ ಬರುತ್ತೆ, ಇಲ್ಲ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್ ಇವೆ, ಒಂದ್ಸಲ ಬದಲಾಯಿಸಿಟ್ಕೊಂಡ್ರೆ ಮುಂದೆ ಯಾವ ಓಎಸ್ಸಿಗೂ ಹೆದರ್ಬೇಕಾಗಿಲ್ಲ. ಒತ್ತಕ್ಷರ, ಅರ್ಕಾವತ್ತು ಇರೋ ಕಡೆ ಮಾತ್ರ ಬದಲಾಯಿಸಿದ ಮೇಲೆ ಕಣ್ಣಾಡಿಸಿ.

ಇನ್ನು ಕೈ. ನುಡಿಲಿ ಟೈಪ್ ಮಾಡೋ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ರೂಪಿಸಿದ್ದು, ಆ ಅಭ್ಯಾಸ ಇರೋರು ಬೇರೆದ್ರಲ್ಲಿ ಒಂದು ಸಾಲು ಹೊಡೆಯೋಕೂ ಒದ್ದಾಡ್ತಾರೆ. ನುಡಿ, ಬರಹ ಎರಡೂ ವಿಂಡೋಸಿನ ಸಾಫ್ಟ್‌ವೇರು. ಆದ್ರೆ ಲಿನಕ್ಸಲ್ಲಿ ಐಬಸ್ ಅನ್ನೋ ವ್ಯವಸ್ಥೆ ಒಳಗೆ ಕೆಜಿಪಿ ಅಂತ ಒಂದು ಆಯ್ಕೆ ಇದೆ, ಅದು ಇದೇ ವಿನ್ಯಾಸ, ಬೆರಳು ಅಲ್ಲೇ ಹೋಗುತ್ತೆ, ಬರೋದು ಯೂನಿಕೋಡು. ವಿಂಡೋಸಲ್ಲೇ ಇರೋರಿಗೆ 2019ರ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗೇ ಬರುತ್ತೆ. ಮ್ಯಾಕಲ್ಲೂ ಕನ್ನಡ ಇದೆ, ನುಡಿ ಅಭ್ಯಾಸದವರಿಗೆ ಮಾತ್ರ ಕಿರಿಕಿರಿ.

ಮ್ಯಾಕು, ಕ್ರೋಮ್‌ಓಎಸ್ ಫ್ಲೆಕ್ಸು

ಮ್ಯಾಕ್‌ಓಎಸ್ ಆಪಲ್ ಕಂಪ್ಯೂಟರಿಗೆ ಮಾತ್ರ, ನಿಮ್ಮ ಹಳೇ ಪಿಸಿಗೆ ಹಾಕೋ ಹಾಗಿಲ್ಲ. ಹಾಗಾಗಿ ಮ್ಯಾಕ್ ತಗೊಳ್ಳೋದು ಅಂದ್ರೆ ಓಎಸ್ ಆಯ್ಕೆಗಿಂತ ಮಷೀನ್ ಆಯ್ಕೆ. 2020ರಿಂದ ಆಪಲ್ ತನ್ನದೇ ಎಂ ಸೀರೀಸ್ ಚಿಪ್ ಹಾಕ್ತಿದೆ, ಬ್ಯಾಟರಿ ಇಡೀ ದಿನ ಬರುತ್ತೆ, ಏರ್ ಮಾಡೆಲಲ್ಲಿ ಫ್ಯಾನೇ ಇಲ್ಲ. 2025ರಲ್ಲಿ ಎಂ4 ಮ್ಯಾಕ್‌ಬುಕ್ ಏರ್ ಬಂದಾಗ ಶುರುವಿನ ಬೆಲೆ 99,900 ರೂಪಾಯಿ. ರ‍್ಯಾಮ್ ಬೋರ್ಡಿಗೇ ಸೇರಿರುತ್ತೆ, ಆಮೇಲೆ ಹೆಚ್ಚು ಹಾಕಿಸ್ತೀನಿ ಅಂದ್ರೆ ಆಗಲ್ಲ. ಸೆಕೆಂಡ್‌ಹ್ಯಾಂಡ್ ಇಂಟೆಲ್ ಮ್ಯಾಕ್ ಅಗ್ಗಕ್ಕೆ ಸಿಗ್ತಿದೆ ಅಂತ ಯಾರಾದ್ರೂ ತೋರಿಸಿದ್ರೆ ಒಂದು ವಿಷಯ ಗೊತ್ತಿರ್ಲಿ, 2025ರ ಸೆಪ್ಟೆಂಬರಲ್ಲಿ ಬಂದ ಟಾಹೋ ಅನ್ನೋ ವರ್ಷನ್ನೇ ಇಂಟೆಲ್ ಮ್ಯಾಕಿಗೆ ಕೊನೇದು.

ಕ್ರೋಮ್‌ಓಎಸ್ ಫ್ಲೆಕ್ಸ್ ಗೂಗಲ್‌ದು, ಫ್ರೀ, ಹಳೇ ಪಿಸಿಗೆ ಹಾಕ್ಬಹುದು, 4 ಜಿಬಿ ರ‍್ಯಾಮ್ ಸಾಕು. ಹೆಚ್ಚು ಕಮ್ಮಿ ಬರೀ ಬ್ರೌಸರೇ ಓಎಸ್ ಆದಂಗೆ. ಪ್ಲೇಸ್ಟೋರ್ ಇರಲ್ಲ, ಫೋನಿನ ಆ್ಯಪ್ ಹಾಕ್ಬಹುದು ಅಂದ್ಕೊಂಡು ಹೋಗ್ಬೇಡಿ.

ಹಾಗಾದ್ರೆ ಯಾರಿಗೆ ಯಾವುದು

ಓಎಸ್ ಹೆಸರು ಆಮೇಲೆ. ಮೊದಲು ಒಂದು ಹಾಳೆ ತಗೊಂಡು ಕಂಪ್ಯೂಟರಲ್ಲಿ ಏನೇನ್ ಮಾಡ್ತೀರಿ ಬರೀರಿ, ಪ್ರತಿಯೊಂದರ ಮುಂದೆ ಬ್ರೌಸರಲ್ಲಿ ಆಗುತ್ತಾ ಇಲ್ವಾ ಅಂತ ಹಾಕಿ. ಪಹಣಿ ನೋಡೋದು ಬ್ರೌಸರು. ಬ್ಯಾಂಕು, ಕರೆಂಟ್ ಬಿಲ್ಲು, ಮೇಲ್, ಗೂಗಲ್ ಮೀಟ್, ಎಲ್ಲ ಬ್ರೌಸರು. ಕೊನೆಗೆ "ಇಲ್ಲ" ಅಂತ ಉಳಿದ ಸಾಲುಗಳೇ ನಿಮ್ಮ ಓಎಸ್ ಯಾವುದು ಅಂತ ಹೇಳೋದು.

ದೊಡ್ಡಪ್ಪನ ಹಾಳೇಲಿ "ಇಲ್ಲ" ಅಂತ ಒಂದೂ ಉಳೀಲಿಲ್ಲ. ಅವರಿಗೆ ಒಂದು ಎಸ್‌ಎಸ್‌ಡಿ, ಮೇಲೆ ಮಿಂಟ್. ಹೊಸ ಮಷೀನ್ ಬೇಡ.

ಮಂಡಿಪೇಟೆ ಗೆಳೆಯಂದು ಮೊದಲ ಸಾಲಲ್ಲೇ ಟ್ಯಾಲಿ. ಟ್ಯಾಲಿ ವಿಂಡೋಸಿಗೆ ಮಾಡಿರೋದು. ವೈನ್ ಅಂತ ಒಂದಿದೆ, ವಿಂಡೋಸ್ ಸಾಫ್ಟ್‌ವೇರನ್ನ ಲಿನಕ್ಸಲ್ಲಿ ಓಡಿಸೋ ಮಧ್ಯವರ್ತಿ, ಕೆಲವಕ್ಕೆ ಚೆನ್ನಾಗೇ ಕೆಲಸ ಮಾಡುತ್ತೆ, ಆದ್ರೆ ಬೇರೆಯವರ ಲೆಕ್ಕದ ಪುಸ್ತಕ ಇಟ್ಕೊಂಡು ಆ ಪ್ರಯೋಗ ನಾನಂತೂ ಮಾಡಲ್ಲ. ಅದರ ಜೊತೆ ಡಿಜಿಟಲ್ ಸಿಗ್ನೇಚರ್ ಟೋಕನ್ನು, ಬೆರಳಚ್ಚಿನ ಮಷೀನು ಇಂಥವು ಹೆಚ್ಚಿನವು ವಿಂಡೋಸನ್ನೇ ನಂಬ್ಕೊಂಡಿರ್ತವೆ. ಅವನಿಗೆ ವಿಂಡೋಸ್ 11 ಹತ್ತೋ ಮಷೀನೇ ಸರಿ, ತಗೊಳ್ಳೋ ತನಕ ಇಎಸ್‌ಯು. ಆ್ಯಂಟಿವೈರಸ್ ಅಂತ ಬೇರೆ ದುಡ್ಡು ಕೊಡೋ ಅಗತ್ಯ ಮನೆ ಬಳಕೆಗೆ ನನಗೆ ಕಾಣಲ್ಲ, ವಿಂಡೋಸ್ ಜೊತೆ ಬರೋ ಡಿಫೆಂಡರ್ ಸಾಕು.

ಹರಿಹರದ ಹುಡುಗಿಗೆ ವಿಂಡೋಸ್ 11 ಲ್ಯಾಪ್‌ಟಾಪ್, 16 ಜಿಬಿ ರ‍್ಯಾಮ್ ಆದ್ರೆ ಒಳ್ಳೇದು, ಯಾಕಂದ್ರೆ ಇಂಜಿನಿಯರಿಂಗ್ ಡ್ರಾಯಿಂಗಿನ ಕೆಲವು ಸಾಫ್ಟ್‌ವೇರ್ ವಿಂಡೋಸಲ್ಲಿ ಮಾತ್ರ ಓಡೋದು. ಕಂಪ್ಯೂಟರ್ ಸೈನ್ಸ್ ಆದ್ರೆ ಪಕ್ಕದಲ್ಲಿ ಲಿನಕ್ಸೂ ಹಾಕೊಳ್ಳಲಿ, ಒಂದೇ ಮಷೀನಲ್ಲಿ ಎರಡೂ ಇಡ್ಬಹುದು, ಡ್ಯುಯಲ್ ಬೂಟ್ ಅಂತಾರೆ. ಆಗ ಕೆಲವೊಮ್ಮೆ ವಿಂಡೋಸಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಹೋಗಿರುತ್ತೆ, ಮಷೀನ್ ಕೆಟ್ಟಿರಲ್ಲ, ಒಳಗಿನ ಗಡಿಯಾರನ ಲಿನಕ್ಸ್ ಗ್ರೀನಿಚ್ ಟೈಮ್ (ಯುಟಿಸಿ) ಅಂತ ಓದುತ್ತೆ, ವಿಂಡೋಸ್ ನಮ್ಮೂರ ಟೈಮ್ ಅಂತ ಓದುತ್ತೆ ಅಷ್ಟೇ.

ಹಾಕೋ ಮುಂಚೆ

ಲಿನಕ್ಸನ್ನ ಇನ್‌ಸ್ಟಾಲ್ ಮಾಡ್ದೇನೇ ಓಡಿಸಿ ನೋಡ್ಬಹುದು. 8 ಜಿಬಿ ಪೆನ್‌ಡ್ರೈವ್ ಒಂದು ಸಾಕು, ಮಿಂಟ್ ಫೈಲ್ ಸುಮಾರು 3 ಜಿಬಿ ಡೌನ್‌ಲೋಡ್, ರೂಫಸ್ ಅಥವಾ ಎಚರ್ ಅನ್ನೋ ಸಾಫ್ಟ್‌ವೇರಲ್ಲಿ ಅದನ್ನ ಪೆನ್‌ಡ್ರೈವಿಗೆ ಬರೀಬೇಕು, ಸುಮ್ನೆ ಕಾಪಿ ಪೇಸ್ಟ್ ಮಾಡಿದ್ರೆ ಆಗಲ್ಲ. ಕಂಪ್ಯೂಟರ್ ಆನ್ ಮಾಡುವಾಗ ಎಫ್12 ಅಥವಾ ಎಫ್9, ಮಷೀನಿಗೊಂದೊಂದು ಕೀ, ಒತ್ತಿ ಪೆನ್‌ಡ್ರೈವಿಂದ ಶುರು ಮಾಡಿ. ಡಿಸ್ಕ್ ಮುಟ್ಟಲ್ಲ ಅದು. ವೈಫೈ ಬರುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್ ಹಿಡಿಯುತ್ತಾ, ಕನ್ನಡ ಸರಿ ಕಾಣುತ್ತಾ, ಒಂದು ಸಂಜೆ ಕೂತು ನೋಡಿ. ಪೆನ್‌ಡ್ರೈವಿಂದ ಓಡ್ತಿರೋದ್ರಿಂದ ನಿಧಾನ ಇರುತ್ತೆ, ಅದನ್ನ ಲೆಕ್ಕಕ್ಕೆ ತಗೋಬೇಡಿ. ವೈಫೈ ಬರ್ದಿದ್ರೆ ಫೋನನ್ನ ಯುಎಸ್‌ಬಿ ಕೇಬಲಲ್ಲಿ ಹಾಕಿ ಟೆದರಿಂಗ್ ಆನ್ ಮಾಡಿ, ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ಹುಡುಕಿಕೊಡುತ್ತಾ ನೋಡಿ.

ಖಾಯಂ ಹಾಕೋದಾದ್ರೆ ಇನ್‌ಸ್ಟಾಲರ್ ಒಂದು ಕಡೆ "ಡಿಸ್ಕ್ ಅಳಿಸಿ ಹಾಕಲಾ" ಅಂತ ಕೇಳುತ್ತೆ. ಇಲ್ಲಿ ಒಂದು ನಿಮಿಷ ನಿಲ್ಲಿ. ವಿಂಡೋಸ್ ಇರೋದು ಸಿ ಡ್ರೈವಲ್ಲಿ, ನಮ್ ಫೋಟೋ ಎಲ್ಲ ಡಿ ಡ್ರೈವಲ್ಲಿದೆ, ಅದಕ್ಕೇನಾಗಲ್ಲ ಅಂತ ಬಹಳ ಜನ ತಿಳ್ಕೊಂಡಿರ್ತಾರೆ. ಮನೆ ಪಿಸಿಗಳಲ್ಲಿ ಸಿ ಮತ್ತೆ ಡಿ ಸಾಮಾನ್ಯವಾಗಿ ಎರಡು ಡಿಸ್ಕ್ ಆಗಿರಲ್ಲ, ಒಂದೇ ಗೋಡೌನಿನ ಮಧ್ಯ ಒಂದು ಗೋಡೆ ಎಬ್ಬಿಸಿ ಎರಡು ಮಾಡಿರೋದು. ಡಿಸ್ಕ್ ಅಳಿಸು ಅಂದ್ರೆ ಗೋಡೆ ಸಮೇತ ಪೂರ್ತಿ ಗೋಡೌನ್ ಖಾಲಿ.

ನಮ್ಮ ದೊಡ್ಡಪ್ಪನ ಡಿ ಡ್ರೈವಲ್ಲಿ ಮೊಮ್ಮಗನ ಜವಳದ ಫೋಟೋ, ಅಣ್ಣನ ಮದುವೆ ವಿಡಿಯೋ, ಮನೆ ಪತ್ರದ ಸ್ಕ್ಯಾನು ಎಲ್ಲ ಸೇರಿ 61 ಜಿಬಿ ಇತ್ತು. ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಆಗೋಕೆ ಅರ್ಧ ಗಂಟೆ ಮೇಲೆ ಹಿಡೀತು, ಅಷ್ಟರಲ್ಲಿ ದೊಡ್ಡಮ್ಮ ಎರಡನೇ ಸಲ ಟೀ ತಂದಿಟ್ರು. ಕಾಪಿ ಆದ ಮೇಲೆ ನಾಲ್ಕೈದು ಫೋಟೋ ಆ ಡಿಸ್ಕಿಂದಲೇ ತೆಗೆದು ನೋಡಿ, ಜವಳದ ಆಲ್ಬಮ್ ಪೂರ್ತಿ ಇದೆ ಅಂತ ದೊಡ್ಡಮ್ಮ ಹೇಳಿದ ಮೇಲೇನೇ ನಾನು ಅಳಿಸೋ ಬಟನ್ ಒತ್ತಿದ್ದು.